ಉಳುಕಿದ ಕಾಲಿಗೆ ಅಕ್ಷರಾಭ್ಯಾಸ

ಕಬಡ್ಡಿ ಅಂಕಣದಲ್ಲಿ ರೈಡ್ ಹೋದ ಹುಡುಗ ಸರಕ್ಕನೆ ತಿರುಗುವಾಗ ಪಾದ ಒಳಕ್ಕೆ ಮಗುಚುತ್ತದೆ. ಅಲ್ಲೇ ಕೂತುಬಿಡುತ್ತಾನೆ. ಅರ್ಧ ಗಂಟೆಯೊಳಗೆ ಕಣಕಾಲಿನ ಹೊರಮಗ್ಗುಲು ಊದಿಕೊಳ್ಳುತ್ತದೆ. ಸುತ್ತ ನೆರೆದವರಲ್ಲಿ ಒಬ್ಬರು ಎಣ್ಣೆ ಹಾಕಿ ಉಳುಕು ತೆಗೆಸು ಅನ್ನುತ್ತಾರೆ, ಒಬ್ಬರು ಬಿಸಿನೀರಿನ ಶಾಖ ಕೊಡು ಅನ್ನುತ್ತಾರೆ, ಇನ್ನೊಬ್ಬರು ಐಸ್ ತರಲು ಓಡುತ್ತಾರೆ. ಮನೆಗೆ ಹೋದರೆ ಅಜ್ಜಿ ಅರಿಶಿನ, ಸುಣ್ಣ ಕಲಸಿಟ್ಟಿರುತ್ತಾರೆ. ಎಲ್ಲರದೂ ಅಕ್ಕರೆಯೇ. ಆದರೆ ಆ ಗಳಿಗೆಯಲ್ಲಿ ಕಾಲಿನೊಳಗೆ ಏನಾಗಿದೆ ಎಂದು ತಿಳಿದರೆ ಯಾರ ಮಾತು ಕೇಳಬೇಕು ಎಂಬುದು ತಾನಾಗಿಯೇ ಗೊತ್ತಾಗುತ್ತದೆ.

ಉಳುಕು ಎಂದ ಕೂಡಲೇ ಏನೋ ಜಾಗ ಬಿಟ್ಟು ಸರಿದಿದೆ, ಎಳೆದು ಕೂರಿಸಬೇಕು ಎಂದು ನಮ್ಮ ಮನಸ್ಸಿಗೆ ಬರುತ್ತದೆ. ಸಾಮಾನ್ಯ ಉಳುಕಿನಲ್ಲಿ ಯಾವುದೂ ಸರಿದಿರುವುದಿಲ್ಲ. ಕಾಲಿನ ಹೊರಬದಿಯ ಮೂಳೆಯನ್ನು ಪಾದಕ್ಕೆ ಬಿಗಿದಿಡುವ ಮೂರು ಗಟ್ಟಿ ಪಟ್ಟಿಗಳಿವೆ. ವೈದ್ಯರು ಅವನ್ನು ಲಿಗಮೆಂಟ್ ಎನ್ನುತ್ತಾರೆ. ಮುಂದಿನದು ಎಲ್ಲಕ್ಕಿಂತ ದುರ್ಬಲ. ಪಾದ ಮಗುಚಿದಾಗ ಹೆಚ್ಚಾಗಿ ಮೊದಲು ಹರಿಯುವುದು ಅದರ ಎಳೆಗಳೇ. ಒಳಗೇ ರಕ್ತ ಸೋರುತ್ತದೆ, ನೀರು ತುಂಬುತ್ತದೆ, ಅದೇ ಊತ. ಆಗಷ್ಟೇ ಹರಿದ ಎಳೆಗಳನ್ನು ಎಳೆದು ನೀವಿದರೆ ಇನ್ನಷ್ಟು ಹರಿಯುತ್ತವೆ. ಬಿಸಿ ಶಾಖ ಕೊಟ್ಟರೆ ರಕ್ತನಾಳ ಹಿಗ್ಗಿ ಊತ ಏರುತ್ತದೆ. ಮೊದಲ ಎರಡು ಮೂರು ದಿನ ಎರಡೂ ಬೇಡ. ಲೇಪಕ್ಕೆ ಸುಣ್ಣ ಹೆಚ್ಚಾದರೆ ಚರ್ಮವೇ ಸುಟ್ಟೀತು, ಅದರಲ್ಲೂ ಮಕ್ಕಳದು.

ಮೂಳೆ ಮುರಿದಿದೆಯೇ? ಇದು ಎಲ್ಲಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ. ಕೆನಡಾದ ಒಟ್ಟಾವಾ ನಗರದ ವೈದ್ಯರು 1992ರಲ್ಲಿ ಇದಕ್ಕೊಂದು ಸರಳ ಪರೀಕ್ಷೆ ಕೊಟ್ಟರು. ಕಣಕಾಲಿನ ಎರಡೂ ಬದಿಗೆ ಉಬ್ಬಿದ ಮೂಳೆಗಳಿವೆಯಲ್ಲ, ಅವುಗಳ ತುದಿಯಿಂದ ಮೇಲಕ್ಕೆ, ಹಿಂಬದಿಯ ಅಂಚಿನಲ್ಲಿ 6 ಸೆಂ.ಮೀ.ವರೆಗೆ ಬೆರಳಿನಿಂದ ಒತ್ತಿ ನೋಡಬೇಕು. ಪಾದದ ಹೊರ ಅಂಚಿನ ನಡುವೆ ಉಬ್ಬಿರುವ ಮೂಳೆಯನ್ನೂ, ಒಳಬದಿಯಲ್ಲಿ ಕಮಾನಿನ ಮೇಲಿರುವ ಮೂಳೆಯನ್ನೂ ಒತ್ತಬೇಕು. ಇವುಗಳಲ್ಲಿ ಎಲ್ಲಾದರೂ ಮೂಳೆಯ ಮೇಲೇ ನೋವಿದ್ದರೆ, ಅಥವಾ ಬಿದ್ದ ಕೂಡಲೇ ಮತ್ತು ಆಸ್ಪತ್ರೆಗೆ ಬಂದ ಮೇಲೂ ನಾಲ್ಕು ಹೆಜ್ಜೆ ಊರಿ ನಡೆಯಲಾಗದಿದ್ದರೆ ಎಕ್ಸ್‌ರೇ ಬೇಕು. ಇಲ್ಲದಿದ್ದರೆ ಸಾಮಾನ್ಯವಾಗಿ ಬೇಡ. ಪ್ರತಿ ದೈಹಿಕ ಶಿಕ್ಷಕರಿಗೂ ಇದು ಬಾಯಿಪಾಠವಾಗಿರಬೇಕು ಎಂದು ನನ್ನ ಆಸೆ.

ಇನ್ನು ಐಸ್. ವಿಶ್ರಾಂತಿ, ಐಸ್, ಬಿಗಿ ಪಟ್ಟಿ, ಕಾಲು ಎತ್ತರಕ್ಕಿಡುವುದು ಎಂಬ ನಾಲ್ಕರ ಸೂತ್ರಕ್ಕೆ, ಅವುಗಳ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿ, 1978ರಲ್ಲಿ 'ರೈಸ್' ಎಂದು ಹೆಸರಿಟ್ಟವರು ಅಮೆರಿಕದ ವೈದ್ಯ ಗೇಬ್ ಮಿರ್ಕಿನ್. ಜಗತ್ತಿನ ಆಟದ ಮೈದಾನಗಳೆಲ್ಲ ಅದನ್ನೇ ಪಾಲಿಸಿದವು. 2014ರಲ್ಲಿ ಅದೇ ಮಿರ್ಕಿನ್, ಐಸೂ ಪೂರ್ತಿ ವಿಶ್ರಾಂತಿಯೂ ಗುಣವಾಗುವುದನ್ನು ತಡಮಾಡಬಹುದು ಎಂದು ಬರೆದರು. ತಾನೇ ಹೆಸರಿಟ್ಟ ಸೂತ್ರವನ್ನು ತಾನೇ ತಿದ್ದಿಕೊಳ್ಳಲು ದೊಡ್ಡ ಮನಸ್ಸು ಬೇಕು. ಕಾರಣ ಹೀಗಿದೆ: ಪೆಟ್ಟಾದ ಕಡೆ ಕೆಂಪಾಗಿ ಊದುವುದು ರಿಪೇರಿ ಶುರುವಾದ ಗುರುತು. ಬಿಳಿ ರಕ್ತಕಣಗಳು ಅಲ್ಲಿಗೆ ಧಾವಿಸಿ ಸತ್ತ ಜೀವಕೋಶಗಳನ್ನು ಗುಡಿಸಿ, ಹೊಸ ಎಳೆ ಬೆಳೆಸುವ ರಾಸಾಯನಿಕಗಳನ್ನು ಬಿಡುತ್ತವೆ. ತಣ್ಣಗಾದ ರಕ್ತನಾಳ ಕುಗ್ಗಿದರೆ ಅವು ಬರುವ ದಾರಿ ಕಿರಿದಾಗುತ್ತದೆ. ಹಾಗೆಂದು ಐಸ್ ಮುಟ್ಟಲೇಬಾರದು ಎಂದಲ್ಲ. ನೋವು ತಡೆಯಲಾಗದಿದ್ದರೆ ಬಟ್ಟೆಯಲ್ಲಿ ಸುತ್ತಿ, ಹತ್ತು ಹದಿನೈದು ನಿಮಿಷ ಇಟ್ಟು ತೆಗೆಯಿರಿ. ಅದು ನೋವು ಮರೆಸುತ್ತದೆ, ಹರಿದದ್ದನ್ನು ಹೊಲಿಯುವುದಿಲ್ಲ.

ಹೊಸ ಎಳೆಗಳು ಮೊದಲು ಅಡ್ಡಾದಿಡ್ಡಿ ಬೆಳೆಯುತ್ತವೆ. ಹದವಾದ ಭಾರ ಬಿದ್ದಾಗ ಮಾತ್ರ ಎಳೆತದ ದಿಕ್ಕಿಗೆ ಸಾಲಾಗಿ ಜೋಡಿಕೊಂಡು ಗಟ್ಟಿಯಾಗುತ್ತವೆ. ಅದಕ್ಕೇ ಮೂರು ವಾರ ಮಂಚದ ಮೇಲೆ ಕಾಲು ಚಾಚಿ ಕೂರುವುದು ಒಳ್ಳೆಯದಲ್ಲ. ಒಂದೆರಡು ದಿನ ಕಳೆದ ಮೇಲೆ ಮೆಲ್ಲಗೆ ನಡೆಯಲು ತೊಡಗಿ. ಎಷ್ಟು ನಡೆಯಬೇಕು ಎನ್ನುವುದನ್ನು ನೋವೇ ಹೇಳುತ್ತದೆ: ನಡೆಯುವಾಗ ತುಸು ನೊಂದರೂ ಮರುದಿನ ಬೆಳಿಗ್ಗೆ ನೋವು, ಊತ ಹೆಚ್ಚಿರದಿದ್ದರೆ ಅಷ್ಟು ಸರಿ, ಹೆಚ್ಚಿದ್ದರೆ ಕಡಿಮೆ ಮಾಡಿ.

ಕೂತಲ್ಲೇ ಮಾಡುವ ಒಂದು ವ್ಯಾಯಾಮ ನನಗೆ ಬಹಳ ಇಷ್ಟ. ಹೆಬ್ಬೆರಳನ್ನೇ ಬಳಪವೆಂದುಕೊಂಡು ಗಾಳಿಯಲ್ಲಿ ಅಕ್ಷರ ಬರೆಯುವುದು. ಫಿಸಿಯೊಥೆರಪಿಯಲ್ಲಿ ಎ ಬಿ ಸಿ ಡಿ ಬರೆಸುತ್ತಾರೆ. ನಮ್ಮ ದುಂಡಕ್ಷರ ಇದಕ್ಕೆ ಇನ್ನೂ ಚೆನ್ನಾಗಿ ಒಗ್ಗುತ್ತದೆ. ಅ, ಆ, ಇ, ಈ ಎಂದು ತಿದ್ದುತ್ತ ಹೋದರೆ ಕಣಕಾಲು ಮೇಲೆ, ಕೆಳಗೆ, ಒಳಗೆ, ಹೊರಗೆ ಎಲ್ಲ ಕಡೆಗೂ ಸುತ್ತಿ ಬರುತ್ತದೆ. ಳ ಅಕ್ಷರಕ್ಕೆ ಬರುವಾಗ ಬಿಗಿ ಸಡಿಲಾಗಿರುತ್ತದೆ.

ಒಮ್ಮೆ ಉಳುಕಿದ ಕಾಲು ಮತ್ತೆ ಮತ್ತೆ ಉಳುಕುವುದನ್ನು ಆಟಗಾರರೆಲ್ಲ ಬಲ್ಲರು. ಲಿಗಮೆಂಟ್ ಬರೀ ಹಗ್ಗವಲ್ಲ; ಪಾದ ಯಾವ ಕೋನದಲ್ಲಿದೆ ಎಂದು ಮಿದುಳಿಗೆ ಸುದ್ದಿ ಕಳಿಸುವ ನರತುದಿಗಳು ಅದರಲ್ಲಿವೆ. ಎಳೆಯ ಜೊತೆ ಅವೂ ಹಾಳಾಗುತ್ತವೆ ಎಂದು ಬ್ರಿಟನ್ನಿನ ಮೈಕೆಲ್ ಫ್ರೀಮನ್ ಮತ್ತು ಸಂಗಡಿಗರು 1965ರಲ್ಲೇ ವಾದಿಸಿದರು. ಊತ ಇಳಿದರೂ ಆ ಸುದ್ದಿ ತಡವಾಗಿ ತಲುಪುತ್ತಿರುತ್ತದೆ. ಮದ್ದು ಸುಲಭ: ಹಲ್ಲುಜ್ಜುವಾಗ ಆ ಒಂದೇ ಕಾಲಿನ ಮೇಲೆ ಅರ್ಧ ನಿಮಿಷ ನಿಲ್ಲಿ. ರೂಢಿಯಾದ ಮೇಲೆ ಗೋಡೆಯ ಪಕ್ಕ ನಿಂತು ಕಣ್ಣು ಮುಚ್ಚಿ.

ಹಿಮ್ಮಡಿ ನೋವಿಗೂ ಇದೇ ಲೆಕ್ಕ. ಬೆಳಿಗ್ಗೆ ಎದ್ದು ಮೊದಲ ಹೆಜ್ಜೆ ಇಟ್ಟಾಗ ಮೊಳೆ ಚುಚ್ಚಿದಂತಾಗಿ, ನಾಲ್ಕು ಹೆಜ್ಜೆ ನಡೆದ ಮೇಲೆ ಕಡಿಮೆಯಾಗುತ್ತದೆಯೇ? ಅಂಗಾಲಿನುದ್ದಕ್ಕೂ ಇರುವ ಪಟ್ಟಿ ಬಳಲಿದೆ ಎಂದರ್ಥ. ಎಕ್ಸ್‌ರೇ ನೋಡಿ "ಮೂಳೆ ಬೆಳೆದಿದೆ" ಎಂದರೆ ಗಾಬರಿ ಬೇಡ, ನೋವೇ ಇಲ್ಲದ ಎಷ್ಟೋ ಜನರಲ್ಲೂ ಅದಿರುತ್ತದೆ. ಹಾಸಿಗೆಯಿಂದ ಇಳಿಯುವ ಮುನ್ನ ಕಾಲ್ಬೆರಳುಗಳನ್ನು ಕೈಯಿಂದ ಮೊಣಕಾಲಿನ ಕಡೆಗೆ ಎಳೆದು, ಹತ್ತು ಎಣಿಸಿ ಬಿಡಿ, ಹತ್ತು ಸಲ. ಮೆಟ್ಟಿಲ ತುದಿಯಲ್ಲಿ, ಬೆರಳ ಕೆಳಗೆ ಸುತ್ತಿದ ಟವೆಲ್ ಇಟ್ಟು ಹಿಮ್ಮಡಿಯನ್ನು ನಿಧಾನ ಏರಿಸಿ ಇಳಿಸುವುದನ್ನು ಡೆನ್ಮಾರ್ಕಿನಲ್ಲಿ 48 ಮಂದಿಯ ಮೇಲೆ ಪರೀಕ್ಷಿಸಿದರು. ಮೂರು ತಿಂಗಳಲ್ಲಿ ಅದು ಬರೀ ಎಳೆತದ ವ್ಯಾಯಾಮಕ್ಕಿಂತ ಹೆಚ್ಚು ಗುಣ ಕೊಟ್ಟಿತು, ವರ್ಷದ ಹೊತ್ತಿಗೆ ಎರಡೂ ಸಮನಾದವು. ಮನೆಯೊಳಗೆ ಗ್ರಾನೈಟ್ ನೆಲದ ಮೇಲೆ ಮೆತ್ತನೆ ಚಪ್ಪಲಿ ಹಾಕಿಕೊಳ್ಳಲು ನಾಚಿಕೆ ಬೇಡ.

ಇಷ್ಟೆಲ್ಲ ಲೆಕ್ಕವೂ ನೋವು ಗೊತ್ತಾಗುವ ಕಾಲಿಗೆ. ಸಕ್ಕರೆ ಕಾಯಿಲೆ ಹಳತಾದವರ ಅಂಗಾಲಿಗೆ ಎಷ್ಟೋ ವೇಳೆ ನೋವೇ ತಿಳಿಯುವುದಿಲ್ಲ. 1946ರಲ್ಲಿ ವೆಲ್ಲೂರಿಗೆ ಬಂದ ಶಸ್ತ್ರವೈದ್ಯ ಪಾಲ್ ಬ್ರಾಂಡ್, ಕುಷ್ಠರೋಗಿಗಳ ಬೆರಳುಗಳನ್ನು ರೋಗ ತಿನ್ನುವುದಲ್ಲ, ಅರಿವಿಗೆ ಬಾರದ ಸುಟ್ಟಗಾಯ, ಉಜ್ಜುಗಾಯಗಳೇ ನುಂಗುತ್ತವೆ ಎಂದು ತೋರಿಸಿದರು. ಮುಂದೆ ಅಮೆರಿಕದಲ್ಲಿ ಅದೇ ಅರಿವನ್ನು ಮಧುಮೇಹಿಗಳ ಪಾದಕ್ಕೆ ತಂದರು. ಇಂಥವರು ಬಿಸಿನೀರಿನಲ್ಲಿ ಕಾಲಿಡುವ ಮೊದಲು ಮೊಣಕೈ ಅದ್ದಿ ನೋಡಬೇಕು, ಆಣಿಯನ್ನು ಬ್ಲೇಡಿನಿಂದ ಕೊಯ್ಯಬಾರದು. ರಾತ್ರಿ ಮಲಗುವ ಮುನ್ನ ನೆಲದ ಮೇಲೆ ಕನ್ನಡಿ ಇಟ್ಟು ಅಂಗಾಲು ನೋಡಿಕೊಳ್ಳಿ. ಕಣ್ಣು ಮಂಜಾಗಿದ್ದರೆ ಮಗನೋ ಮೊಮ್ಮಗಳೋ ನೋಡಲಿ. ಬೆಳಿಗ್ಗೆ ಚಪ್ಪಲಿ, ಶೂ ಮೆಟ್ಟುವ ಮೊದಲು ಒಳಗೆ ಕೈ ಹಾಕಿ ಸವರಿ. ಕಾಲಿಗೆ ತಿಳಿಯದ ಕಲ್ಲು ಕೈಗೆ ಸಿಗುತ್ತದೆ.