ಗೆರೆಯ ಆಚೆ ಕೋಚ್, ಈಚೆ ರೆಫ್ರಿ

ಭಾನುವಾರ ಬೆಳಿಗ್ಗೆ ಬೆಂಗಳೂರಿನ ಆಸ್ಟಿನ್ ಟೌನ್ ಮೈದಾನಕ್ಕೆ ಹೋಗಿ, ಇಲ್ಲವೇ ಸರ್ಜಾಪುರ ರಸ್ತೆಯ ಯಾವುದಾದರೂ ಟರ್ಫ್‌ಗೆ ಹೋಗಿ. ಮಕ್ಕಳ ಫುಟ್‌ಬಾಲ್ ಪಂದ್ಯದಲ್ಲಿ ದೊಡ್ಡವರದೇ ಗಲಾಟೆ. "ರೆಫ್ರೀ, ಆಫ್‌ಸೈಡ್!" "ಹ್ಯಾಂಡ್ ಅಲ್ವಾ ಅದು, ನೋಡ್ತಿದೀರಾ?" ವಿಸಿಲ್ ಹಿಡಿದು ನಿಂತವರು ಎಷ್ಟೋ ಸಲ ಇನ್ನೂ ಕಾಲೇಜಿಗೆ ಹೋಗುವ ಹುಡುಗನೋ ಹುಡುಗಿಯೋ ಆಗಿರುತ್ತಾರೆ. ನಮ್ಮ ಹುಡುಗ ಪಾಸ್ ತಪ್ಪಿಸಿದರೆ "ಪರವಾಗಿಲ್ಲ, ಮುಂದಿನದು ನೋಡು" ಅನ್ನುತ್ತೇವೆ. ಅದೇ ಮೈದಾನದಲ್ಲಿ ಕೆಲಸ ಕಲಿಯುತ್ತಿರುವ ರೆಫ್ರಿಗೆ ಮಾತ್ರ ಆ ರಿಯಾಯಿತಿ ಇಲ್ಲ. ಇದು ನನಗೆ ಅನ್ಯಾಯವೆಂದೇ ಕಾಣುತ್ತದೆ.

ನಾನು ಹದಿಮೂರರೊಳಗಿನ ಮಕ್ಕಳ ತಂಡವೊಂದರ ಕೋಚ್. ವಿಸಿಲ್ ಹಿಡಿದು ಪಂದ್ಯ ಆಡಿಸುವುದೂ ಉಂಟು. ಎರಡೂ ಕಡೆ ನಿಂತು ನೋಡಿದ ಮೇಲೆ ನನಗನ್ನಿಸಿರುವುದು ಇಷ್ಟು: ಕೆಟ್ಟ ಮನಸ್ಸಿನಿಂದ ಶುರುವಾಗುವ ಜಗಳ ಕಡಿಮೆ. ಒಬ್ಬರ ಕೆಲಸ ಇನ್ನೊಬ್ಬರಿಗೆ ಗೊತ್ತಿಲ್ಲದೆ ಶುರುವಾಗುವುದೇ ಹೆಚ್ಚು.

ಆಫ್‌ಸೈಡನ್ನೇ ತೆಗೆದುಕೊಳ್ಳಿ. ಜೊತೆಗಾರ ಚೆಂಡು ಒದ್ದ ಕ್ಷಣದಲ್ಲಿ ಮುಂದಿರುವ ಆಟಗಾರ ಎಲ್ಲಿದ್ದ, ಚೆಂಡಿಗಿಂತಲೂ ಕೊನೆಯಿಂದ ಎರಡನೆಯ ಎದುರಾಳಿಗಿಂತಲೂ ಎದುರಾಳಿಯ ಗೋಲಿಗೆ ಹತ್ತಿರವಿದ್ದನೇ ಅನ್ನುವುದೇ ಲೆಕ್ಕ. ಅದು ಸರಿಯಾಗಿ ಕಾಣಬೇಕಾದರೆ ಕೊನೆಯಿಂದ ಎರಡನೆಯ ಎದುರಾಳಿಯ ಸಾಲಿನಲ್ಲೇ ನಿಂತಿರಬೇಕು. ಕೋಚ್ ನಿಲ್ಲುವುದು ಮಧ್ಯಗೆರೆಯ ಹತ್ತಿರ, ನೋಡುವುದು ಓರೆಯಾಗಿ. ಹೊಸ ಕೋಚ್‌ಗಳಿಗೆ ನಾನು ಇದನ್ನು ಮಾಡಿಯೇ ತೋರಿಸುತ್ತೇನೆ. ಇಬ್ಬರು ಮಕ್ಕಳನ್ನು ಗೋಲ್‌ಲೈನಿನಿಂದ ಸಮದೂರದಲ್ಲಿ ನಿಲ್ಲಿಸುವುದು, ಒಬ್ಬ ನಮ್ಮ ಬದಿಗೆ, ಇನ್ನೊಬ್ಬ ಆಚೆ ಬದಿಗೆ. ಮಧ್ಯಗೆರೆಯಿಂದ ನೋಡಿದರೆ ನಮ್ಮ ಬದಿಯವನು ಮುಂದಿದ್ದಂತೆಯೂ ಆಚೆಯವನು ಹಿಂದಿದ್ದಂತೆಯೂ ಕಾಣುತ್ತದೆ. ಹತ್ತಿರದವನು ಎದುರಾಳಿಯಾದರೆ ನಾವು "ಆಫ್‌ಸೈಡ್" ಎಂದು ಕೂಗುತ್ತೇವೆ, ನಮ್ಮವನಾದರೆ ಅಂಥ ಅನುಮಾನವೇ ಬರುವುದಿಲ್ಲ. ಲೈನ್ಸ್‌ಮನ್ ಇಲ್ಲದೆ ಒಬ್ಬರೇ ಓಡಾಡುವ ರೆಫ್ರಿಗೂ ಇದೇ ತೊಂದರೆ. ಅವರಿಗೂ ಕೆಲವು ತಪ್ಪುತ್ತವೆ, ಅದು ಸಹಜ.

ನಿಯಮ ಓದಿಕೊಳ್ಳದ ಕೋಚ್‌ಗಳೂ ಬಹಳ. 2019ರ ನಿಯಮ ಬದಲಾವಣೆಯಿಂದ ಬೆಂಚಿನಲ್ಲಿರುವ ಕೋಚ್‌ಗೂ ಹಳದಿ, ಕೆಂಪು ಕಾರ್ಡ್ ತೋರಿಸಬಹುದು. ವ್ಯಂಗ್ಯವಾಗಿ ಚಪ್ಪಾಳೆ ತಟ್ಟಿದರೆ, ಎದುರಾಳಿಗೆ ಕಾರ್ಡ್ ಕೊಡಿ ಎಂದು ಅತಿಯಾಗಿ ಇಲ್ಲವೇ ಪದೇ ಪದೇ ಕೈಸನ್ನೆ ಮಾಡಿದರೆ, ನೀರಿನ ಬಾಟಲಿ ಒದ್ದರೆ ಹಳದಿ. ಬೆಂಚಿನಲ್ಲಿ ಯಾರು ಮಾಡಿದ್ದೆಂದು ಗೊತ್ತಾಗದಿದ್ದರೆ ಆ ಕಾರ್ಡ್ ಅಲ್ಲಿರುವ ಹಿರಿಯ ಕೋಚ್ ತಲೆಗೆ. ಇನ್ನೊಂದು ಸಂಗತಿ: ಆಟ ಮತ್ತೆ ಶುರುವಾದ ಮೇಲೆ ಹಿಂದಿನ ತೀರ್ಪನ್ನು ಬದಲಿಸಲು ರೆಫ್ರಿಗೇ ಅಧಿಕಾರವಿಲ್ಲ. ಆಮೇಲಿನ ಕೂಗಾಟವೆಲ್ಲ ನೀರಿನಲ್ಲಿ ಹೋಮ.

ನೀರಿನಲ್ಲಿ ಹೋದರೂ ಪರವಾಗಿಲ್ಲ ಅನ್ನುವ ಹಾಗಿಲ್ಲ, ಏಕೆಂದರೆ ನಷ್ಟ ತಂಡಕ್ಕೆ. ನಮ್ಮ ವಿರುದ್ಧ ಫ್ರೀ ಕಿಕ್ ಸಿಕ್ಕಾಗ ನಾನು ವಾದಕ್ಕಿಳಿದರೆ ನನ್ನ ಮಕ್ಕಳೆಲ್ಲ ನನ್ನ ಮುಖ ನೋಡುತ್ತಾರೆ. ಎದುರಾಳಿ ತಂಡ ಥಟ್ಟನೆ ಚೆಂಡು ಒದೆಯುತ್ತದೆ, ಅವರ ಆಟಗಾರರನ್ನು ಬೆನ್ನು ಹತ್ತಿ ತಡೆಯಲು ಯಾರೂ ಇರುವುದಿಲ್ಲ. ಇಂಥ ಗೋಲುಗಳನ್ನು ಎಷ್ಟೋ ನೋಡಿದ್ದೇನೆ. ವಾದ ಮಾಡುವ ಕೋಚ್‌ನ ಮಕ್ಕಳು ಮುಂದಿನ ಪಂದ್ಯದಲ್ಲಿ ಕೈ ಎತ್ತಿಕೊಂಡು ರೆಫ್ರಿಯತ್ತ ಓಡುತ್ತಾರೆ, ಚೆಂಡಿನತ್ತ ಓಡುವುದಿಲ್ಲ.

ರೆಫ್ರಿಗಳಿಗೂ ಹೇಳುವುದಿದೆ. ಟ್ರಾಫಿಕ್ ನೆಪ ಹೇಳಿ ಕಿಕ್‌ಆಫ್ ಹೊತ್ತಿಗೆ ಬರುವುದು, ಕೋಚ್ ಪ್ರಶ್ನೆ ಕೇಳಿದರೆ ಬೆನ್ನು ತಿರುಗಿಸುವುದು, ಮಕ್ಕಳನ್ನು "ಏಯ್" ಎಂದು ಗದರುವುದು, ಇವೂ ಅಗೌರವವೇ. ಹಲಸೂರಿನ ಕಡೆಯ ಮೈದಾನವೊಂದರಲ್ಲಿ ನೋಡಿದ್ದು ಹೇಳುತ್ತೇನೆ. ಪೆನಾಲ್ಟಿ ಬಾಕ್ಸಿನಲ್ಲಿ ಚೆಂಡು ಹುಡುಗನೊಬ್ಬನ ತೋಳಿಗೆ ಬಡಿಯಿತು, ವಿಸಿಲ್ ಬರಲಿಲ್ಲ. ಎದುರು ಕೋಚ್ ಎದ್ದು ನಿಂತು ಎರಡೂ ಕೈ ಚಾಚಿದರು. ರೆಫ್ರಿಯಾಗಿದ್ದ ಹುಡುಗಿ ಪಕ್ಕದಲ್ಲೇ ಓಡುತ್ತಾ, "ಕೈ ಮೈಗೆ ಅಂಟಿಕೊಂಡೇ ಇತ್ತು ಸಾರ್" ಅಂದಳು, ನಿಲ್ಲಲಿಲ್ಲ, ದನಿಯನ್ನೂ ಏರಿಸಲಿಲ್ಲ. ಕೋಚ್ ಕೂತರು. ಆಗಲೇ ಗೊಣಗಲು ಶುರುಮಾಡಿದ್ದ ಅವರ ಸ್ಟ್ರೈಕರ್ ತನ್ನ ಜಾಗಕ್ಕೆ ವಾಪಸಾದ. ಹೊಸ ರೆಫ್ರಿಗಳಿಗೆ ನಾನು ಕೊಡುವ ಉದಾಹರಣೆ ಇದೇ. ಎಲ್ಲ ಪ್ರಶ್ನೆಗೂ ಉತ್ತರ ಕೊಡುತ್ತಾ ಕೂರಬೇಕಿಲ್ಲ, ಮರ್ಯಾದೆಯಿಂದ ಕೇಳಿದ್ದಕ್ಕೆ ಒಂದು ಸಾಲು ಸಾಕು.

ಪಂದ್ಯಕ್ಕೆ ಮುಂಚೆ ಇಬ್ಬರು ಕೋಚ್‌ಗಳೂ ರೆಫ್ರಿಯೂ ಒಂದೆರಡು ನಿಮಿಷ ನಿಂತು ಮಾತಾಡಿದರೆ ಅರ್ಧ ಗೊಂದಲ ಅಲ್ಲೇ ತೀರುತ್ತದೆ: ಬದಲಿ ಆಟಗಾರರು ಎಷ್ಟು, ಮಳೆ ಬಂದರೆ ಏನು, ಏನಾದರೂ ಕೇಳುವುದಿದ್ದರೆ ಯಾರು ಕೇಳಬೇಕು. ಕ್ಯಾಪ್ಟನ್ ಮಾತ್ರ ಕೇಳಲಿ ಅನ್ನುವುದು ನನ್ನ ಪಕ್ಷ. ಹನ್ನೆರಡು ವರ್ಷದ ಹುಡುಗಿಗೆ ದೊಡ್ಡವರೊಬ್ಬರನ್ನು ವಿನಯದಿಂದ ಪ್ರಶ್ನಿಸುವುದನ್ನು ಕಲಿಸಲು ಇದಕ್ಕಿಂತ ಒಳ್ಳೆಯ ಅವಕಾಶ ಸಿಗುವುದಿಲ್ಲ. ಅಪ್ಪ ಅಮ್ಮಂದಿರಿಗೆ ಸೈಡ್‌ಲೈನಿನಲ್ಲಿ ತಾಳ್ಮೆ ಹೇಳುವ ಜವಾಬ್ದಾರಿ ಕೋಚ್‌ದು, ರೆಫ್ರಿಯದಲ್ಲ.

ಸುಮ್ಮನಿರಬಾರದ ಸಂದರ್ಭ ಒಂದುಂಟು. ತಲೆಗೆ ಪೆಟ್ಟಾದ ಮಗುವನ್ನು ಗಮನಿಸದೆ ಆಟ ಮುಂದುವರಿದರೆ, ಗುಡುಗು ಸಿಡಿಲಿನಲ್ಲೂ ಪಂದ್ಯ ನಿಲ್ಲಿಸದಿದ್ದರೆ, ಕೋಚ್ ಆ ಕ್ಷಣವೇ ಗಟ್ಟಿಯಾಗಿ ಹೇಳಬೇಕು. ಉಳಿದ ದೂರುಗಳನ್ನು ಮರುದಿನ ಆಯೋಜಕರಿಗೆ ಬರೆದು ಕೊಡಿ: ಎಷ್ಟನೇ ನಿಮಿಷ, ಯಾವ ಜೆರ್ಸಿ ನಂಬರ್, ಏನು ನಡೆಯಿತು, ಅಷ್ಟೇ. ಚೆನ್ನಾಗಿ ಆಡಿಸಿದ ರೆಫ್ರಿಯ ಬಗ್ಗೆಯೂ ಎರಡು ಸಾಲು ಬರೆಯಿರಿ. ಅಂಥ ಪತ್ರ ಬರೆಯುವವರು ಕಡಿಮೆ, ಮುಂದಿನ ಪಂದ್ಯಕ್ಕೆ ಯಾರನ್ನು ಹಾಕಬೇಕೆಂದು ಯೋಚಿಸುವ ಆಯೋಜಕರಿಗೆ ಅದೂ ಬೇಕು.