ಟವರ್ ನಿಂತಿದೆ, ಸಿಗ್ನಲ್ ಇಲ್ಲ: ವಿಕೋಪದ ದಿನ ನೆಟ್‌ವರ್ಕ್ ಉಳಿಸುವುದು ಯಾರ ಕೆಲಸ?

ಚಂಡಮಾರುತವೋ ಭೂಕುಸಿತವೋ ಆದಾಗ ಫೋನ್ ಸತ್ತರೆ ಟವರ್ ಬಿದ್ದಿರಬೇಕು ಅಂದುಕೊಳ್ಳುತ್ತೇವೆ. ಎಷ್ಟೋ ಕಡೆ ಟವರ್ ನೆಟ್ಟಗೆ ನಿಂತೇ ಇರುತ್ತದೆ. ಕರೆಂಟ್ ಹೋದ ಮೇಲೆ ಬ್ಯಾಟರಿ ಕೆಲವು ಗಂಟೆ ಎಳೆಯುತ್ತದೆ, ಆಮೇಲೆ ಜನರೇಟರ್. ಡೀಸೆಲ್ ತರುವ ಗಾಡಿ ಗುಡ್ಡ ಜರಿದ ರಸ್ತೆಯಲ್ಲಿ ಸಿಕ್ಕಿಕೊಂಡರೆ ಅದೂ ನಿಲ್ಲುತ್ತದೆ. ಟವರನ್ನು ಉಳಿದ ನೆಟ್‌ವರ್ಕಿಗೆ ಜೋಡಿಸುವ ಫೈಬರ್ ಕೇಬಲ್ ವಿದ್ಯುತ್ ಕಂಬಕ್ಕೆ ಕಟ್ಟಿದ್ದರೆ ಕಂಬದ ಜತೆಗೇ ನೆಲ ಕಚ್ಚುತ್ತದೆ. ನೆಲದಡಿ ಹೂತದ್ದನ್ನು ಮಣ್ಣು ತೆರವು ಮಾಡುವ ಜೆಸಿಬಿಯೇ ಕತ್ತರಿಸಿಬಿಡುವುದೂ ಉಂಟು. ಹೀಗಾಗಿ ವಿದ್ಯುತ್ ಕಂಪನಿ, ಲೋಕೋಪಯೋಗಿ ಇಲಾಖೆ, ಜಿಲ್ಲಾಡಳಿತ, ಮೊಬೈಲ್ ಕಂಪನಿಗಳು ಒಟ್ಟಿಗೆ ಇಳಿಯದೆ ನೆಟ್‌ವರ್ಕ್ ಬರುವುದಿಲ್ಲ. ನಮ್ಮ ದೇಶ ಇದನ್ನು ಒಂದೊಂದು ದುರಂತದಿಂದ ಒಂದಿಷ್ಟಿಷ್ಟೇ ಕಲಿತಿದೆ.

1999ರ ಅಕ್ಟೋಬರ್ 29ರಂದು ಒಡಿಶಾಕ್ಕೆ ಅಪ್ಪಳಿಸಿದ ಮಹಾ ಚಂಡಮಾರುತದಲ್ಲಿ ಸುಮಾರು 10 ಸಾವಿರ ಜನ ಸತ್ತರು. ಹಳ್ಳಿಗಳಿಂದ ಸುದ್ದಿಯೇ ಬರದಿದ್ದರೆ ನೆರವು ಎಲ್ಲಿಗೆ ಕಳಿಸಬೇಕೆಂದು ತಿಳಿಯುವುದಾದರೂ ಹೇಗೆ? ಸಂದೇಶ ದಾಟಿಸಲು ನೆರವಾದವರಲ್ಲಿ ಹ್ಯಾಮ್ ರೇಡಿಯೊ ಹವ್ಯಾಸಿಗಳೂ, ಅಂದರೆ ಸ್ವಂತ ರೇಡಿಯೊ ಉಪಕರಣದಿಂದ ದೂರದವರೊಂದಿಗೆ ಮಾತಾಡುವವರೂ ಇದ್ದರು. 2004ರ ಡಿಸೆಂಬರ್ 26ರ ಸುನಾಮಿಯಲ್ಲೂ ಹಾಗೇ ಆಯಿತು. ಬೇರೆ ಕೆಲಸಕ್ಕೆಂದು ಪೋರ್ಟ್ ಬ್ಲೇರ್‌ನಲ್ಲಿದ್ದ ಹ್ಯಾಮ್ ತಂಡ ಅಂಡಮಾನ್‌ನ ಸುದ್ದಿಯನ್ನು ಹೊರಗೆ ಮುಟ್ಟಿಸಿತು. ಆ ಹವ್ಯಾಸಿಗಳ ಋಣ ದೊಡ್ಡದು. ಆದರೆ ಅವರು ಅಲ್ಲಿದ್ದದ್ದು ಅದೃಷ್ಟ, ಸರ್ಕಾರದ ಯೋಜನೆಯಲ್ಲ.

2005ರಲ್ಲಿ ವಿಪತ್ತು ನಿರ್ವಹಣಾ ಕಾಯ್ದೆ ಬಂತು. ದೂರಸಂಪರ್ಕ ಇಲಾಖೆ ವಿಕೋಪ ಕಾಲದ ಕಾರ್ಯವಿಧಾನವನ್ನು ಬರೆದು, 2020ರಲ್ಲಿ ಅದನ್ನು ಪರಿಷ್ಕರಿಸಿತು.

ನನ್ನ ಮಟ್ಟಿಗೆ ಈ ಇತಿಹಾಸದ ದೊಡ್ಡ ತಿರುವು ಒಂದೇ ಸರ್ಕಲ್‌ನೊಳಗಿನ ರೋಮಿಂಗ್, ಅಂದರೆ ನಮ್ಮದೇ ದೂರಸಂಪರ್ಕ ವಲಯದಲ್ಲಿ ಬೇರೆ ಕಂಪನಿಯ ನೆಟ್‌ವರ್ಕ್ ಬಳಸುವುದು. ಮಾಮೂಲಿ ದಿನಗಳಲ್ಲಿ ಕಂಪನಿಗಳು ಗ್ರಾಹಕರಿಗಾಗಿ ಕಿತ್ತಾಡುತ್ತವೆ. ವಿಕೋಪದ ದಿನ ಒಂದು ಕಂಪನಿಯ ಟವರ್ ಮಾತ್ರ ಉಳಿದಿದ್ದರೆ ಅದರ ಸಿಗ್ನಲ್ ಎಲ್ಲರಿಗೂ ಸಿಗಬೇಕು. 2023ರ ಜೂನ್‌ನಲ್ಲಿ ಬಿಪರ್‌ಜಾಯ್ ಚಂಡಮಾರುತ ಗುಜರಾತಿನ ಜಖೌ ಬಳಿ ದಡಕ್ಕೆ ಬಡಿದಾಗ ಕಛ್ ಮತ್ತಿತರ ಜಿಲ್ಲೆಗಳಲ್ಲಿ ಈ ಸೌಲಭ್ಯ ತೆರೆದರು. ಸೌಲಭ್ಯ ತೆರೆದಿರುವಾಗ ಫೋನಿನ ಸೆಟ್ಟಿಂಗ್ಸ್‌ನಲ್ಲಿ ನೆಟ್‌ವರ್ಕನ್ನು ನಾವೇ ಆರಿಸಿಕೊಂಡರೆ ಯಾರ ಸಿಮ್ ಇದ್ದರೂ ಕರೆ ಹೋಗುತ್ತದೆ. ಆದರೆ ಇದು ಗೊತ್ತಿರುವವರು ಎಷ್ಟು ಜನ? ಗ್ರಾಮ ಪಂಚಾಯಿತಿಯ ಗೋಡೆಯ ಮೇಲೆ ಮಳೆಗಾಲಕ್ಕೆ ಮುಂಚೆಯೇ ಬರೆಸಬೇಕಾದ ಮಾಹಿತಿ ಇದು.

ಉಳಿದ ಟವರ್ ಒಂದೂ ಇಲ್ಲದಿದ್ದರೆ ರೋಮಿಂಗ್‌ನಿಂದ ಪ್ರಯೋಜನವಿಲ್ಲ. 2024ರ ಜುಲೈ 30ರಂದು ವಯನಾಡಿನಲ್ಲಿ ಗುಡ್ಡ ಕುಸಿದಾಗ ಚೂರಲ್‌ಮಲದಲ್ಲಿದ್ದದ್ದು ಬಿಎಸ್‌ಎನ್‌ಎಲ್‌ನ ಒಂದೇ ಟವರ್. ಕರೆಂಟಿಲ್ಲದ ಆ ಜಾಗದಲ್ಲಿ ಸಿಬ್ಬಂದಿ ಡೀಸೆಲ್ ಹೊಂದಿಸಿ ಅದನ್ನು ನಡೆಸಿದರು, ತುರ್ತಾಗಿ 4ಜಿಯನ್ನೂ ಕೊಟ್ಟರು. ರಕ್ಷಣಾ ಕಾರ್ಯಕ್ಕೆ ಅದೇ ಆಸರೆಯಾಯಿತು. ಆ ಸಿಬ್ಬಂದಿಯ ಕೆಲಸಕ್ಕೆ ಸಿಗಬೇಕಾದಷ್ಟು ಮನ್ನಣೆ ಸಿಗಲಿಲ್ಲ ಅನ್ನಿಸುತ್ತದೆ.

2023ರ ಅಕ್ಟೋಬರ್‌ನಲ್ಲಿ ಕರ್ನಾಟಕದ ಮೊಬೈಲ್‌ಗಳು ಒಮ್ಮೆಲೇ ಜೋರಾಗಿ ಬಡಿದುಕೊಂಡದ್ದು ನೆನಪಿರಬಹುದು. ಅದು ತುರ್ತು ಎಚ್ಚರಿಕೆಯ ಪರೀಕ್ಷೆ. ಆ ಎಚ್ಚರಿಕೆ ತಲುಪಬೇಕಾದರೂ ಊರಿನ ಟವರ್‌ಗೆ ಜೀವ ಇರಬೇಕು.

ವಯನಾಡಿಗೆ ಅಂಟಿಕೊಂಡೇ ಇರುವ ಕೊಡಗು 2018ರ ಆಗಸ್ಟ್‌ನಲ್ಲಿ ಇಂಥದ್ದೇ ಕುಸಿತ ಕಂಡಿದೆ. ಅಲ್ಲಿ ವಿದ್ಯುತ್ ಕೊಡುವುದು ಸೆಸ್ಕ್, ಪಕ್ಕದ ದಕ್ಷಿಣ ಕನ್ನಡಕ್ಕೆ ಮೆಸ್ಕಾಂ. ಯಾವ ಟವರ್‌ಗೆ ಯಾವ ಫೀಡರ್‌ನಿಂದ (ವಿದ್ಯುತ್ ಮಾರ್ಗದಿಂದ) ಕರೆಂಟ್ ಬರುತ್ತದೆ, ಫೈಬರ್ ಯಾವ ರಸ್ತೆಯ ಯಾವ ಬದಿಯಲ್ಲಿದೆ, ಡೀಸೆಲ್ ಎಲ್ಲಿ ಸಂಗ್ರಹವಿದೆ ಎಂಬ ಪಟ್ಟಿ ಲೈನ್‌ಮನ್ ಕೈಯಲ್ಲೂ ಜೆಸಿಬಿ ಚಾಲಕನಿಗೆ ದಾರಿ ತೋರುವ ಎಂಜಿನಿಯರ್ ಕೈಯಲ್ಲೂ ಇರಬೇಕು. ಜಿಲ್ಲಾಧಿಕಾರಿಗಳು ಮುಂಗಾರಿಗೆ ಮೊದಲು ಕರೆಯುವ ಸಭೆಯಲ್ಲೇ ಇದನ್ನು ಕೇಳಿ ಪಡೆಯಬಹುದು, ಹೊಸ ಕಾನೂನೇನೂ ಬೇಕಿಲ್ಲ.