ನೆಟ್‌ವರ್ಕ್.ಟಾರ್ಗೆಟ್ ಅಂದರೆ ನೆಟ್‌ವರ್ಕ್ ಬಂತು ಅಂತಲ್ಲ

ಲಿನಕ್ಸ್ ಮಷೀನ್ ಬೂಟ್ ಆದಾಗ, ಫೈಲ್ ಹಂಚುವ ಸರ್ವರ್ ಸಾಫ್ಟ್‌ವೇರ್ ಸಾಂಬಾ ಏಳುವುದಿಲ್ಲ. ಲಾಗಿನ್ ಆಗಿ ರೀಸ್ಟಾರ್ಟ್ ಕೊಟ್ಟರೆ ಸಲೀಸಾಗಿ ಓಡುತ್ತದೆ. ಈ ದೂರಿಗೆ ಸಿಗುವ ಉತ್ತರ ಮತ್ತೆ ಮತ್ತೆ ಅದೇ: ಸರ್ವೀಸ್ ಫೈಲ್‌ನಲ್ಲಿ ‘ಆಫ್ಟರ್=ನೆಟ್‌ವರ್ಕ್.ಟಾರ್ಗೆಟ್’ ಹಾಕಿ, ನೆಟ್‌ವರ್ಕ್ ಬಂದ ಮೇಲೇ ಶುರುವಾಗುತ್ತದೆ. ಇಲ್ಲ, ಹಾಗಾಗುವುದಿಲ್ಲ. ಸರ್ವೀಸ್‌ಗಳನ್ನು ಏಳಿಸಿ ನಿಲ್ಲಿಸುವ ಸಿಸ್ಟಮ್‌ಡಿಯಲ್ಲಿ ಈ ಹೆಸರಿಗೆ ಆ ಅರ್ಥವೇ ಇಲ್ಲ. ಟಾರ್ಗೆಟ್ ಅಂದರೆ ಬೂಟ್ ಇಲ್ಲಿಯವರೆಗೆ ಬಂತು ಅನ್ನುವ ಒಂದು ಹಂತದ ಗುರುತು.

ಬೂಟ್ ಹೊತ್ತಿಗೆ ನೆಟ್‌ವರ್ಕ್.ಟಾರ್ಗೆಟ್ ಹೇಳುವುದು ಇಷ್ಟೇ: ನೆಟ್‌ವರ್ಕ್ ನೋಡಿಕೊಳ್ಳುವ ಸಾಫ್ಟ್‌ವೇರ್ ಎದ್ದಿದೆ. ನೆಟ್‌ವರ್ಕ್ ಕಾರ್ಡಿಗೆ ಐಪಿ ವಿಳಾಸ ಸಿಕ್ಕಿದೆಯೋ ಇಲ್ಲವೋ, ಅದಕ್ಕೆ ಬೇಕಿಲ್ಲ. ಐಪಿ ಹಂಚುವ ಡಿಎಚ್‌ಸಿಪಿಯ ಉತ್ತರಕ್ಕೆ ಕಾರ್ಡ್ ಇನ್ನೂ ಕಾಯುತ್ತಿರಬಹುದು. ಹಾಗಾದರೆ ಈ ಟಾರ್ಗೆಟ್ ಯಾಕಿದೆ? ಮುಖ್ಯವಾಗಿ ಶಟ್‌ಡೌನ್‌ಗಾಗಿ. ಸಿಸ್ಟಮ್‌ಡಿ ಸರ್ವೀಸ್‌ಗಳನ್ನು ನಿಲ್ಲಿಸುವಾಗ ಶುರುಮಾಡಿದ ಕ್ರಮವನ್ನು ತಿರುಗಿಸುತ್ತದೆ. ಇದರ ನಂತರ ಎದ್ದದ್ದು ನೆಟ್‌ವರ್ಕ್ ಹೋಗುವ ಮೊದಲೇ ನಿಲ್ಲುತ್ತದೆ. ಫೈಲ್ ಸರ್ವರ್‌ಗೆ ಅದು ದೊಡ್ಡ ಉಪಕಾರವೇ, ಆದರೆ ನಿಮ್ಮ ದೂರಿಗೆ ಮದ್ದಲ್ಲ. ಸಿಸ್ಟಮ್‌ಡಿಯ ದಾಖಲೆಯಲ್ಲೇ ಇದನ್ನು ಬಿಡಿಸಿ ಬರೆದಿದ್ದಾರೆ. ಓದಬೇಕು, ಅಲ್ವಾ?

ನಿಮಗೆ ಬೇಕಾದದ್ದು ನೆಟ್‌ವರ್ಕ್-ಆನ್‌ಲೈನ್.ಟಾರ್ಗೆಟ್. ಇಲ್ಲೂ ಬರೀ ‘ಆಫ್ಟರ್’ ಸಾಲದು. ‘ಆಫ್ಟರ್’ ಅಂದರೆ ಅದರ ಹಿಂದೆ ನಿಲ್ಲು ಅಂತ ಮಾತ್ರ, ಅದನ್ನು ಕರೆದುಕೊಂಡು ಬಾ ಅಂತಲ್ಲ. ಕರೆಯುವುದು ‘ವಾಂಟ್ಸ್’. ‘ಸಿಸ್ಟಮ್‌ಸಿಟಿಎಲ್ ಎಡಿಟ್’ ಜೊತೆಗೆ ಸರ್ವೀಸಿನ ಹೆಸರು ಕೊಟ್ಟು, ‘ಯೂನಿಟ್’ ವಿಭಾಗದಲ್ಲಿ ‘ವಾಂಟ್ಸ್=ನೆಟ್‌ವರ್ಕ್-ಆನ್‌ಲೈನ್.ಟಾರ್ಗೆಟ್’, ‘ಆಫ್ಟರ್=ನೆಟ್‌ವರ್ಕ್-ಆನ್‌ಲೈನ್.ಟಾರ್ಗೆಟ್’ ಎರಡೂ ಸಾಲು ಬರೆಯಿರಿ. ಮೂಲ ಫೈಲ್ ತಿದ್ದಬೇಡಿ, ಮುಂದಿನ ಅಪ್‌ಡೇಟ್‌ನಲ್ಲಿ ಅಳಿಸಿಹೋಗುತ್ತದೆ.

ಆಮೇಲೆ, ಕಾಯುವ ಕೆಲಸ ಟಾರ್ಗೆಟ್‌ನದ್ದಲ್ಲ, ‘ವೇಟ್-ಆನ್‌ಲೈನ್’ ಸರ್ವೀಸಿನದ್ದು. ನೆಟ್‌ವರ್ಕ್ ನೋಡಿಕೊಳ್ಳುವ ಸಾಫ್ಟ್‌ವೇರ್‌ಗಳಲ್ಲಿ ನೆಟ್‌ವರ್ಕ್‌ಮ್ಯಾನೇಜರ್‌ಗೆ ಒಂದು, ಸಿಸ್ಟಮ್‌ಡಿ-ನೆಟ್‌ವರ್ಕ್‌ಡಿಗೆ ಇನ್ನೊಂದು. ಬೂಟ್ ನಿಧಾನ ಅಂತ ಯಾರೋ ಹೇಳಿದರೆಂದು ಅದನ್ನು ಸುಮ್ನೆ ಡಿಸೇಬಲ್ ಮಾಡಿಟ್ಟಿರುತ್ತಾರೆ. ಆಗ ಟಾರ್ಗೆಟ್ ಯಾರಿಗೂ ಕಾಯದೆ ದಾಟಿಬಿಡುತ್ತದೆ. ಅಂದಹಾಗೆ, ಇಲ್ಲಿ ‘ಆನ್‌ಲೈನ್’ ಅಂದರೆ ಇಂಟರ್ನೆಟ್ ಇದೆ ಅಂತಲೂ ಅಲ್ಲ.

ಸಾಂಬಾಕ್ಕೆ ಪೆಟ್ಟು ಬೀಳುವ ಜಾಗ ಸಾಮಾನ್ಯವಾಗಿ ಒಂದೇ. ಅದರ ಸೆಟ್ಟಿಂಗ್ ಫೈಲ್ ಎಸ್‌ಎಂಬಿ.ಕಾನ್ಫ್‌ನಲ್ಲಿ ‘ಇಂಟರ್‌ಫೇಸಸ್’ ಎದುರು ಒಂದು ಐಪಿ, ಕೆಳಗೆ ‘ಬೈಂಡ್ ಇಂಟರ್‌ಫೇಸಸ್ ಓನ್ಲಿ=ಯೆಸ್’, ಅಂದರೆ ಆ ಐಪಿಯಲ್ಲಿ ಮಾತ್ರ ಕೇಳಿಸಿಕೊ ಅಂತ. ಬೂಟ್ ಹೊತ್ತಿಗೆ ಆ ಐಪಿ ಇನ್ನೂ ಇರುವುದಿಲ್ಲ. ‘ಜರ್ನಲ್‌ಸಿಟಿಎಲ್ -ಬಿ -ಯು ಎಸ್‌ಎಂಬಿಡಿ’ ಅಥವಾ ಸಾಂಬಾದ್ದೇ ಲಾಗ್ ನೋಡಿ. ‘ನೋ ಸಾಕೆಟ್ಸ್ ಅವೈಲಬಲ್ ಟು ಬೈಂಡ್ ಟು’ ಅಂತ ಸಾಲು ಸಿಕ್ಕರೆ ರೋಗ ಇದೇ. ಒಂದೇ ಕಾರ್ಡಿರುವ ಮನೆಯ ಸರ್ವರ್ ಆದರೆ ಆ ಎರಡು ಸಾಲು ತೆಗೆದುಹಾಕಿ. ಎಲ್ಲ ವಿಳಾಸದಲ್ಲೂ ಕೇಳಿಸಿಕೊಳ್ಳುವ ಸರ್ವೀಸ್ ಐಪಿಗೆ ಕಾಯಬೇಕಾಗಿಲ್ಲ. ಅದು ಬಿಟ್ಟು, ಶುರುವಾಗುವ ಮೊದಲು 30 ಸೆಕೆಂಡ್ ಸುಮ್ಮನೆ ಕಾಯಿಸುವ ‘ಸ್ಲೀಪ್ 30’ ತುರುಕುವುದು ನನಗೆ ಒಂಚೂರೂ ಒಪ್ಪಿಗೆಯಿಲ್ಲ. ಸ್ವಿಚ್ ಎದ್ದೇಳಲು 40 ಸೆಕೆಂಡ್ ತೆಗೆದುಕೊಂಡ ದಿನ ಅದೂ ಕೈಕೊಡುತ್ತದೆ.

ಎರಡು ಕಾರ್ಡಿದ್ದು ಒಂದಕ್ಕೆ ಕೇಬಲ್ಲೇ ಹಾಕಿಲ್ಲವಾದರೆ, ನೆಟ್‌ವರ್ಕ್‌ಡಿಯ ವೇಟ್-ಆನ್‌ಲೈನ್ ಅದಕ್ಕೂ 120 ಸೆಕೆಂಡ್ ಕಾದು ಕೊನೆಗೆ ಫೇಲ್ ಆಗಬಹುದು. ಆ ಕಾರ್ಡಿನ .ನೆಟ್‌ವರ್ಕ್ ಫೈಲ್‌ನಲ್ಲಿ, ‘ಲಿಂಕ್’ ವಿಭಾಗದಡಿ ‘ರಿಕ್ವೈರ್ಡ್‌ಫಾರ್‌ಆನ್‌ಲೈನ್=ನೋ’ ಬರೆಯಿರಿ.